ಆಯಿಲ್ ಫಿಲ್ಟರ್: ಕಮ್ಮಿ ರೇಟಿನದು ತಪ್ಪಲ್ಲ, ಹೆಸರಿಲ್ಲದ್ದು ತಪ್ಪು

ಚಳ್ಳಕೆರೆ: ವಾಹನಗಳ ಎಲ್ಲ ಬಿಡಿಭಾಗಕ್ಕೂ ಈಗ ಒಂದೇ ಜಿಎಸ್‌ಟಿ, ಶೇ 18. 2025ರ ಸೆಪ್ಟೆಂಬರ್ 22ರಿಂದ ಇದು ಜಾರಿಯಲ್ಲಿದೆ. ಅದಕ್ಕೆ ಮೊದಲು ಕೆಲವು ಭಾಗಕ್ಕೆ ಶೇ 28, ಕೆಲವಕ್ಕೆ ಶೇ 18 ಇತ್ತು. ಸಣ್ಣ ಕಾರುಗಳ ತೆರಿಗೆಯೂ ಅವತ್ತೇ ಇಳಿಯಿತು. ಷೋರೂಮಲ್ಲಿ ಯಾವ ಕಾರಿಗೆ ಎಷ್ಟು ಸಾವಿರ ಕಮ್ಮಿ ಆಯ್ತು ಅನ್ನೋದನ್ನ ಟೀ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಮಾತಾಡಿದರು.

ಆದರೆ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆ ಹೊಸ ಕಾರು ಬುಕ್ ಮಾಡೋರಿಗಿಂತ, ಇರೋ ಕಾರನ್ನೇ ಇನ್ನೈದು ವರ್ಷ ಓಡಿಸಿದರೆ ಸಾಕಪ್ಪಾ ಅನ್ನೋರೇ ಜಾಸ್ತಿ. ಅವರಿಗೆ ಲೆಕ್ಕಕ್ಕೆ ಬರೋದು ಷೋರೂಮಿನ ರೇಟಲ್ಲ, ಸ್ಪೇರ್ಸ್ ಅಂಗಡಿಯ ರೇಟು. ಅದರಲ್ಲೂ ಪ್ರತಿ ಸರ್ವಿಸಿಗೂ ಕೊಳ್ಳಲೇಬೇಕಾದ ಒಂದು ಚಿಕ್ಕ ಡಬ್ಬಿ ಇದೆ. ಅದೇ ಎಂಜಿನ್ ಆಯಿಲ್ ಫಿಲ್ಟರ್.

ಈ ಡಬ್ಬಿಯ ವಿಷಯದಲ್ಲಿ ಎರಡು ಥರ ತಪ್ಪು ನಡೀತಿದೆ. ಒಂದು, ದುಬಾರಿಯದೇ ಒಳ್ಳೇದು ಅಂತ ಸುಮ್ಮನೆ ಹೆಚ್ಚು ದುಡ್ಡು ಕೊಡೋದು. ಇನ್ನೊಂದು, ಐವತ್ತು ರೂಪಾಯಿ ಉಳೀತು ಅಂತ ಹೆಸರು, ವಿಳಾಸ ಏನೂ ಇಲ್ಲದ ಮಾಲು ಹಾಕಿಸೋದು. ಮೊದಲನೇ ತಪ್ಪಿಗೆ ಹೋಗೋದು ನೂರಿನ್ನೂರು ರೂಪಾಯಿ. ಎರಡನೇದಕ್ಕೆ ಎಂಜಿನ್ನೇ ಹೋಗಬಹುದು.

ಎಣ್ಣೆ ಮಿಲ್ಲಿನ ಊರಿಗೆ ಇದು ಹೊಸದೇನಲ್ಲ

ಚಳ್ಳಕೆರೆಗೆ ಎಣ್ಣೆ ನಗರಿ ಅನ್ನೋ ಹೆಸರಿದೆ. ಶೇಂಗಾ ಎಣ್ಣೆ ಗಾಣದಿಂದ ಬಂದ ಕೂಡಲೇ ಡಬ್ಬಕ್ಕೆ ತುಂಬಲ್ಲ, ಮೊದಲು ಫಿಲ್ಟರ್ ಪ್ರೆಸ್ಸಿನ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆ ಹರಿದಿದ್ದರೆ ಗಸಿ ಎಣ್ಣೆಗೇ ಬರುತ್ತೆ, ಬಟ್ಟೆ ಕಟ್ಟಿಕೊಂಡರೆ ಎಣ್ಣೆ ಮುಂದಕ್ಕೇ ಹೋಗಲ್ಲ. ಮಿಲ್ಲಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಗೊತ್ತು. ಕಾರಿನೊಳಗೆ ನಡೆಯೋದೂ ಇದೇ.

ಎಂಜಿನ್ನಿನ ಆಯಿಲ್ ಪಂಪು ಎಣ್ಣೆಯನ್ನ ಒತ್ತಡದಲ್ಲಿ ಫಿಲ್ಟರ್ ಮೂಲಕ ತಳ್ಳುತ್ತೆ. ಲೋಹ ಸವೆದು ಬಂದ ಪುಡಿ, ಮಸಿ, ಗಾಳಿ ಜೊತೆ ಒಳಗೆ ಸೇರಿದ ಸಣ್ಣ ಧೂಳು ಮಡಿಕೆ ಮಡಿಕೆ ಕಾಗದದಲ್ಲಿ ಸಿಕ್ಕಿಕೊಳ್ಳುತ್ತೆ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಒಳ್ಳೇ ಫಿಲ್ಟರ್ ಹಿಡಿಯೋದು ಅದರ ಅರ್ಧಕ್ಕಿಂತಲೂ ಸಣ್ಣ ಕಣಗಳನ್ನ. ಕಣ್ಣಿಗೆ ಕಾಣದ ಆ ಕಣಗಳೇ ಬೇರಿಂಗನ್ನ ಸಾಣೆ ಹಿಡಿದ ಹಾಗೆ ತಿಂದು ಹಾಕೋದು.

ಕಾಗದವೊಂದೇ ಫಿಲ್ಟರ್ ಅಲ್ಲ. ಒಳಗೆ ಎರಡು ವಾಲ್ವ್ ಇರುತ್ತವೆ, ರೇಟಿನ ವ್ಯತ್ಯಾಸ ಅಡಗಿರೋದು ಬಹುಪಾಲು ಅಲ್ಲೇ.

ಮೊದಲನೇದು ಬೈಪಾಸ್ ವಾಲ್ವ್. ಕಾಗದ ಪೂರ್ತಿ ಕಟ್ಟಿಕೊಂಡರೆ, ಇಲ್ಲಾ ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ, ಇದು ತೆರೆದುಕೊಂಡು ಸೋಸದ ಎಣ್ಣೆಯನ್ನೇ ಎಂಜಿನ್ನಿಗೆ ಬಿಡುತ್ತೆ. ಎಣ್ಣೆಯೇ ಇಲ್ಲದೆ ಓಡೋದಕ್ಕಿಂತ ಕೊಳಕು ಎಣ್ಣೆ ವಾಸಿ ಅನ್ನೋ ಲೆಕ್ಕ. ಇದು ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನೋದನ್ನ ಕಂಪನಿಯವರು ಎಂಜಿನ್ ನೋಡಿ ನಿಗದಿ ಮಾಡಿರುತ್ತಾರೆ. ಕಳಪೆ ಫಿಲ್ಟರಿನಲ್ಲಿ ಸ್ಪ್ರಿಂಗು ಸಡಿಲ ಇದ್ದರೆ ವಾಲ್ವ್ ಸದಾ ತೆರೆದೇ ಇರುತ್ತೆ. ಆಗ ಫಿಲ್ಟರ್ ಹಾಕಿದ್ದೂ ಒಂದೇ, ಹಾಕದೇ ಇದ್ದದ್ದೂ ಒಂದೇ. ಗಾಡಿಯ ಮಾಲೀಕನಿಗೆ ಏನೂ ಗೊತ್ತಾಗಲ್ಲ, ಗಾಡಿ ಓಡ್ತಾನೇ ಇರುತ್ತೆ.

ಎರಡನೇದು ಎಣ್ಣೆ ವಾಪಸ್ ಇಳಿಯದ ಹಾಗೆ ತಡೆಯೋ ರಬ್ಬರ್ ವಾಲ್ವ್. ಫಿಲ್ಟರ್ ಅಡ್ಡಕ್ಕೆ ಅಥವಾ ಮೇಲ್ಮುಖ ಕೂತಿರೋ ಎಂಜಿನ್ನುಗಳಲ್ಲಿ ಇದು ಬಹಳ ಮುಖ್ಯ. ರಾತ್ರಿ ಗಾಡಿ ನಿಂತಾಗ ಫಿಲ್ಟರಿನಲ್ಲಿರೋ ಎಣ್ಣೆ ಪೂರ್ತಿ ಕೆಳಗೆ ಇಳಿದು ಹೋದರೆ, ಬೆಳಿಗ್ಗೆ ಸೆಲ್ಫ್ ಹೊಡೆದಾಗ ಒಂದೆರಡು ಸೆಕೆಂಡು ಎಂಜಿನ್ನಿನ ಮೇಲ್ಭಾಗಕ್ಕೆ ಎಣ್ಣೆ ಸಿಗಲ್ಲ. ಆಗ ಕಟಕಟ ಅಂತ ಸದ್ದು ಬಂದು ಆಮೇಲೆ ಸರಿಹೋಗುತ್ತೆ. ಕಳಪೆ ರಬ್ಬರ್ ಬಿಸಿಗೆ ಬೇಗ ಗಟ್ಟಿಯಾಗಿ, ಮುಚ್ಚಿಕೊಳ್ಳೋ ಗುಣ ಕಳ್ಕೊಳ್ಳುತ್ತೆ. ಫಿಲ್ಟರ್ ಬದಲಿಸಿದ ಮೇಲೆ ಬೆಳಗಿನ ಸದ್ದು ಹೊಸದಾಗಿ ಶುರುವಾಗಿದ್ದರೆ ಮೊದಲು ಫಿಲ್ಟರ್ ಮೇಲೇ ಅನುಮಾನ ಪಡಬೇಕು.

ಉಳಿತಾಯ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ

ಸಣ್ಣ ಪೆಟ್ರೋಲ್ ಕಾರಿನ ಸರ್ವಿಸಿಗೆ ಸುಮಾರು 3 ಲೀಟರ್ ಎಣ್ಣೆ ಬೇಕು. ಆ ಬಿಲ್ಲಿನಲ್ಲಿ ಸಾವಿರದ ಲೆಕ್ಕದಲ್ಲಿ ಇರೋದು ಎಣ್ಣೆ. ಫಿಲ್ಟರಿನ ಪಾಲು ಅದರ ಮುಂದೆ ಚಿಲ್ಲರೆ.

ಒಂದು ಅಂಗಡಿಯಲ್ಲಿ ಹೆಸರಿರೋ ಫಿಲ್ಟರ್ 150 ರೂಪಾಯಿ, ಹೆಸರಿಲ್ಲದ್ದು 80 ರೂಪಾಯಿ ಅಂತ ಇಟ್ಕೊಳ್ಳಿ. ಉಳಿಯೋದು 70 ರೂಪಾಯಿ. ಆ ಫಿಲ್ಟರ್ 10,000 ಕಿ.ಮೀ. ಓಡುತ್ತೆ ಅಂದ್ರೆ ಕಿಲೋಮೀಟರಿಗೆ ಉಳಿದದ್ದು ಒಂದು ಪೈಸೆಯೂ ಅಲ್ಲ, 0.7 ಪೈಸೆ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 30 ಕಿ.ಮೀ. ಹೋಗಿ ಬಂದರೆ ಉಳಿತಾಯ 42 ಪೈಸೆ. ಅದೇ ದಾರಿಯಲ್ಲಿ ಟೈರಿನ ಗಾಳಿ ಸರಿಯಾಗಿ ನೋಡ್ಕೊಂಡರೆ ಪೆಟ್ರೋಲಲ್ಲಿ ಇದಕ್ಕಿಂತ ಜಾಸ್ತಿ ಉಳಿಯುತ್ತೆ.

ಇನ್ನೊಂದು ಕಡೆಯ ಲೆಕ್ಕ ನೋಡಿ. ಬೇರಿಂಗ್ ಹೋಗಿ ಎಂಜಿನ್ ಬಿಚ್ಚೋ ಕೆಲಸ ಬಂದರೆ ಖರ್ಚು ಹತ್ತಾರು ಸಾವಿರ. ಎಲ್ಲೋ ಬೋರ್ಡಿನ ಗಾಡಿಯಾದರೆ ಅದರ ಮೇಲೆ ದುಡಿಮೆ ನಿಂತ ದಿನಗಳು, ಕಟ್ಟಬೇಕಾದ ಕಂತು ಬೇರೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಅದರ ಬೆಲೆಯ ದೊಡ್ಡ ಪಾಲೇ ಖರ್ಚಾದ ಹಾಗೆ.

ಅದಕ್ಕೇ ಫಿಲ್ಟರಿನಲ್ಲಿ ಕೈಗೆಟುಕೋದು ಅಂದ್ರೆ ಅಂಗಡಿಯಲ್ಲಿ ಅತಿ ಕಮ್ಮಿ ರೇಟಿಗೆ ಸಿಕ್ಕಿದ್ದು ಅಂತ ಅರ್ಥ ಅಲ್ಲ. ನಂಬೋ ಮಾಲುಗಳ ಪೈಕಿ ಕಮ್ಮಿ ರೇಟಿನದು ಅಂತ ಅರ್ಥ.

ಅಂಗಡಿಯಲ್ಲಿ ಸಿಗೋದು ಮೂರು ಥರ

ಒಂದು, ಕಾರು ಕಂಪನಿಯ ಹೆಸರಲ್ಲೇ ಬರೋ ಜೆನ್ಯೂನ್ ಫಿಲ್ಟರ್. ಬಹಳ ಜನ ಇದು ದುಬಾರಿ ಅಂತಲೇ ತಿಳ್ಕೊಂಡಿದ್ದಾರೆ. ಹೆಚ್ಚು ಮಾರಾಟ ಆಗೋ ಸಣ್ಣ ಪೆಟ್ರೋಲ್ ಕಾರುಗಳಿಗೆ ಹಾಗೇನಿಲ್ಲ, ಬೇರೆ ಬ್ರ್ಯಾಂಡಿನಷ್ಟೇ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತ ಕಮ್ಮಿಗೆ ಸಿಗುತ್ತೆ. ಮೊದಲು ಇದರ ಎಂಆರ್‌ಪಿ ಕೇಳಿ, ಆಮೇಲೆ ಬೇರೆ ನೋಡಿ.

ಎರಡು, ಬಾಷ್, ಪ್ಯೂರೊಲೇಟರ್, ಮಾನ್, ಎಲೋಫಿಕ್ ಥರದ ಫಿಲ್ಟರ್ ತಯಾರಿಸೋ ಕಂಪನಿಗಳ ಮಾಲು. ಕಾರು ಕಂಪನಿಗಳು ಫಿಲ್ಟರನ್ನ ಸಾಮಾನ್ಯವಾಗಿ ತಾವೇ ತಯಾರಿಸಲ್ಲ, ಇಂಥ ಕಂಪನಿಗಳಿಂದಲೇ ಮಾಡಿಸ್ಕೊಳ್ಳುತ್ತವೆ. ಹಾಗಾಗಿ ಕಾರಿನ ಮಾಡೆಲ್ಲಿಗೆ ಸರಿಹೊಂದೋ ನಂಬರ್ ಇದ್ದರೆ ಇವನ್ನ ಹಾಕಿಸೋಕೆ ಹೆದರಬೇಕಾಗಿಲ್ಲ. ದುಬಾರಿ ಕಾರುಗಳಲ್ಲಿ ನಿಜವಾದ ಉಳಿತಾಯ ಆಗೋದು ಇಲ್ಲೇ.

ಮೂರು, ಹೆಸರಿಲ್ಲದ ಲೋಕಲ್ ಮಾಲು, ಇಲ್ಲಾ ಹೆಸರು ಕದ್ದ ಡೂಪ್ಲಿಕೇಟ್. "ಅಣ್ಣ, ಇದೂ ಅದೇ ಕಣಣ್ಣ, ಬಾಕ್ಸ್ ಬೇರೆ ಅಷ್ಟೇ" ಅನ್ನೋ ಮಾತು ಬಂದರೆ ಹುಷಾರಾಗಬೇಕು. ಬಾಕ್ಸ್ ಬೇರೆ ಆದರೆ ಆ ಬಾಕ್ಸಿನ ಮೇಲೆ ಯಾರದೋ ಒಬ್ಬರ ಹೆಸರು, ವಿಳಾಸ ಇರಬೇಕಲ್ಲ?

ಸೈಜು ಕೂತರೆ ಸಾಲದು

ಗ್ಯಾರೇಜಲ್ಲಿ ಆಗೋ ಇನ್ನೊಂದು ಎಡವಟ್ಟು, ಬೇರೆ ಕಾರಿನ ಫಿಲ್ಟರ್ ಹಾಕೋದು. ಸುಮಾರು 20 ಎಂ.ಎಂ. ಥ್ರೆಡ್ಡಿನ ಫಿಲ್ಟರು ಹಲವು ಕಾರುಗಳಿಗೆ ಬರುತ್ತೆ. ಇಂಚಿನ ಥ್ರೆಡ್ಡೂ ಮಿಲಿಮೀಟರ್ ಥ್ರೆಡ್ಡೂ ನೋಡೋಕೆ ಒಂದೇ ಥರ. ಒಂದು ಸುತ್ತು ಹೋಗಿ ಹಿಡ್ಕೊಂಡರೂ ಬಲವಂತವಾಗಿ ತಿರುಗಿಸಿದರೆ ಎಂಜಿನ್ ಕಡೆಯ ಥ್ರೆಡ್ಡೇ ಹಾಳು. ಥ್ರೆಡ್ ಸರಿಯಾಗಿ ಕೂತರೂ ಒಳಗಿನ ಬೈಪಾಸ್ ವಾಲ್ವಿನ ಲೆಕ್ಕ ಬೇರೆ ಇರಬಹುದು.

ಕಾರಿನ ಮಾಡೆಲ್ ಅಂತ ಬರೀ ಹೆಸರು ಹೇಳಿದರೂ ಸಾಲದು. ಒಂದೇ ಹೆಸರಿನ ಕಾರು ಪೆಟ್ರೋಲ್, ಡೀಸೆಲ್ ಎರಡರಲ್ಲೂ ಬಂದಿರುತ್ತೆ, ವರ್ಷ ವರ್ಷಕ್ಕೆ ಎಂಜಿನ್ ಬದಲಾಗಿರುತ್ತೆ. ಹಳೇ ಸ್ವಿಫ್ಟ್ ಡೀಸೆಲ್ಲಿನಲ್ಲಿದ್ದ 1.3 ಲೀಟರ್ ಎಂಜಿನ್ನಿಗೆ ಡಬ್ಬಿ ಫಿಲ್ಟರ್ ಅಲ್ಲ, ಗೂಡಿನೊಳಗೆ ಕೂರೋ ಕಾಗದದ ಎಲಿಮೆಂಟ್ ಬರುತ್ತೆ. ಅದೇ ಸ್ವಿಫ್ಟ್ ಪೆಟ್ರೋಲಿಗೆ ತಿರುಗಿಸಿ ಕೂರಿಸೋ ಡಬ್ಬಿ. ಎಲಿಮೆಂಟ್ ಥರದ್ದಾದರೆ ಮುಚ್ಚಳದ ರಬ್ಬರ್ ರಿಂಗನ್ನೂ ಹೊಸದು ಹಾಕಿಸಬೇಕು. ಹಳೇ ರಿಂಗನ್ನೇ ಕೂರಿಸಿ ಕಳಿಸಿದರೆ ದಾರಿಯಲ್ಲಿ ಎಣ್ಣೆ ಸೋರೋ ಗ್ಯಾರಂಟಿ.

ಟರ್ಬೊ ಇರೋ ಗಾಡಿಗಳವರು ಇನ್ನೂ ಒಂದು ಹೆಜ್ಜೆ ಜಾಸ್ತಿ ನೋಡಬೇಕು. ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತೆ, ಅದರ ಬೇರಿಂಗ್ ತೇಲೋದು ಎಂಜಿನ್ ಎಣ್ಣೆಯ ಮೇಲೇ. ಅಲ್ಲಿ ಕೊಳಕು ಎಣ್ಣೆ ಹೋದರೆ ಮೊದಲು ಕೈ ಕೊಡೋದು ಟರ್ಬೊ.

ಬಾಕ್ಸ್ ಕೈಗೆ ಬಂದಾಗ ಏನು ನೋಡಬೇಕು

ಪ್ಯಾಕ್ ಮಾಡಿದ ಯಾವುದೇ ಮಾಲಿನ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಿಂಗಳು ಮತ್ತು ವರ್ಷ, ಎಂಆರ್‌ಪಿ, ದೂರು ಹೇಳೋಕೆ ಫೋನ್ ಅಥವಾ ಇಮೇಲ್ ಇರಲೇಬೇಕು. ಹೊರದೇಶದ್ದಾದರೆ ಯಾವ ದೇಶದ್ದು ಅಂತಲೂ ಇರಬೇಕು. 2011ರ ಕಾನೂನು ಮಾಪನ ನಿಯಮಗಳೇ ಇದನ್ನ ಹೇಳುತ್ತವೆ. ಇವುಗಳಲ್ಲಿ ಯಾವುದೇ ಒಂದು ಇಲ್ಲದಿದ್ದರೂ ಬಾಕ್ಸನ್ನ ವಾಪಸ್ ಕೌಂಟರ್ ಮೇಲಿಡಬಹುದು.

ಜಿಎಸ್‌ಟಿ ಬದಲಾದಾಗ ಹಳೇ ಸ್ಟಾಕಿಗೆ ಹೊಸ ರೇಟಿನ ಸ್ಟಿಕ್ಕರ್ ಅಂಟಿಸೋಕೆ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತ್ತು. ಹಾಗಾಗಿ ಸ್ಟಿಕ್ಕರ್ ಕಂಡ ಕೂಡಲೇ ಡೂಪ್ಲಿಕೇಟ್ ಅನ್ನಬೇಕಿಲ್ಲ. ಆದರೆ ಸ್ಟಿಕ್ಕರ್ ಹಳೇ ಎಂಆರ್‌ಪಿಯನ್ನ ಮುಚ್ಚಿರಬಾರದು, ಎರಡೂ ಕಾಣಬೇಕು. ಸ್ಟಿಕ್ಕರಿನ ರೇಟು ಹಳೇದಕ್ಕಿಂತ ಜಾಸ್ತಿ ಇದ್ದರೆ ಅಂಗಡಿಯವರನ್ನ ಕೇಳಲೇಬೇಕು.

ಆಮೇಲೆ ಫಿಲ್ಟರನ್ನೇ ಹೊರಗೆ ತೆಗೆದು ನೋಡಿ:

- ಕೆಳಗಿನ ರಬ್ಬರ್ ಗ್ಯಾಸ್ಕೆಟ್ ಮೆತ್ತಗೆ, ಒಂದೇ ಸಮ ಇರಬೇಕು. ಉಗುರಲ್ಲಿ ಒತ್ತಿದರೆ ಬಿರುಕು ಬಿಡಬಾರದು.
- ಅಲುಗಾಡಿಸಿದರೆ ಒಳಗೆ ಚೂರು ಬಿದ್ದ ಹಾಗೆ ಸದ್ದು ಬರಬಾರದು.
- ತೂತಿನಲ್ಲಿ ಇಣುಕಿದರೆ ರಬ್ಬರ್ ವಾಲ್ವ್ ಕಾಣುವಂಥ ಫಿಲ್ಟರಾದರೆ, ಅದು ಅಂಚಿಗೆ ಸರಿಯಾಗಿ ಕೂತಿರಬೇಕು. ತುಕ್ಕು, ಕಬ್ಬಿಣದ ಪುಡಿ ಇರಲೇಬಾರದು.
- ಡಬ್ಬಿ ಮೇಲಿನ ನಂಬರೂ ಬಾಕ್ಸಿನ ನಂಬರೂ ಒಂದೇ ಇರಬೇಕು. ಕಂಪನಿ ಹೆಸರಿನ ಸ್ಪೆಲ್ಲಿಂಗ್ ನೋಡಿ.
- ಕ್ಯೂಆರ್ ಕೋಡ್, ಹೊಲೊಗ್ರಾಮ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ.

ಇಷ್ಟಾದರೂ ಅನುಮಾನ ಇದ್ದರೆ, ಬಿಚ್ಚಿದ ಹಳೇ ಫಿಲ್ಟರನ್ನ ಕುಯ್ಯಿಸಿ ನೋಡೋದು ಒಳ್ಳೇ ಪರೀಕ್ಷೆ. ಮಡಿಕೆಗಳು ಒಂದೇ ಅಂತರದಲ್ಲಿ ಇವೆಯಾ, ಕಾಗದ ಹರಿದಿದೆಯಾ, ಅಂಟು ಬಿಟ್ಟಿದೆಯಾ ಅಂತ ಕಣ್ಣಿಗೇ ಕಾಣುತ್ತೆ. ಕಾಗದದ ಮೇಲೆ ಹೊಳೆಯೋ ಲೋಹದ ಚೂರು ಕಂಡರೆ ಅದು ಫಿಲ್ಟರಿನ ಮಾತಲ್ಲ, ಎಂಜಿನ್ ಒಳಗೆ ಏನೋ ಸವೀತಿದೆ ಅಂತ ಅರ್ಥ. ತಡ ಮಾಡದೆ ತೋರಿಸಬೇಕು.

ಒಳ್ಳೇ ಫಿಲ್ಟರ್ ಕೊಂಡೂ ಮೋಸ ಹೋಗೋದು

ಫಿಲ್ಟರ್ ಎಷ್ಟೇ ಒಳ್ಳೇದಾದರೂ ಗಾಡಿಗೆ ಹಾಕಿದರೆ ತಾನೇ ಕೆಲಸ? "ಎಣ್ಣೆ ಮಾತ್ರ ಚೇಂಜ್ ಮಾಡಣ, ಫಿಲ್ಟರ್ ಮುಂದಿನ ಸಲ ನೋಡಣ" ಅನ್ನೋದು ಎಲ್ಲ ಕಡೆ ಕೇಳೋ ಮಾತು. ಹೊಸ ಎಣ್ಣೆ ಹಳೇ ಫಿಲ್ಟರ್ ಮೂಲಕ ಹರಿದರೆ, ತೊಳೆದ ಬಿಂದಿಗೆಗೆ ಕೊಳೆ ಬಟ್ಟೆಯಲ್ಲಿ ನೀರು ಸೋಸಿದ ಹಾಗೆ. ಇನ್ನು ಕೆಲವು ಕಡೆ ಬಿಲ್ಲಲ್ಲಿ ಫಿಲ್ಟರ್ ಇರುತ್ತೆ, ಗಾಡಿಯಲ್ಲಿ ಹಳೇದೇ ಇರುತ್ತೆ.

ಇದಕ್ಕೆ ಖರ್ಚಿಲ್ಲದ ಉಪಾಯ ಇದೆ. ಹೊಸ ಫಿಲ್ಟರ್ ಮೇಲೆ ಮಾರ್ಕರ್ ಪೆನ್ನಲ್ಲಿ ತಾರೀಖು, ಮೀಟರ್ ರೀಡಿಂಗ್ ಬರೆಸಿ. ಹಳೇದನ್ನ ಕೈಗೆ ಕೊಡಿ ಅಂತ ಕೇಳಿ. ನಿಯತ್ತಿನ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಹಾಕೋ ಕ್ರಮವೂ ಮುಖ್ಯ. ಹಳೇ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟ್ಕೊಂಡು ಉಳಿದಿದ್ದರೆ ಮೊದಲು ತೆಗೀಬೇಕು. ಒಂದರ ಮೇಲೊಂದು ಎರಡು ಗ್ಯಾಸ್ಕೆಟ್ ಕೂತರೆ ಎಣ್ಣೆ ಪೂರ್ತಿ ಸೋರಿ ಎಂಜಿನ್ ಸೀಜ್ ಆಗೋ ಅಪಾಯ. ಹೊಸ ಗ್ಯಾಸ್ಕೆಟ್ಟಿಗೆ ಬೆರಳಲ್ಲಿ ಎಣ್ಣೆ ಸವರಿ, ಅದು ಮುಟ್ಟಿದ ಮೇಲೆ ಕೈಯಲ್ಲೇ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಮಾನ್ಯವಾಗಿ ಸಾಕು. ಡಬ್ಬಿ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಪಾಲಿಸಬೇಕು. ಆಮೇಲೆ ಎರಡು ನಿಮಿಷ ಎಂಜಿನ್ ಓಡಿಸಿ, ಕೆಳಗೆ ಹನಿ ಬೀಳ್ತಿದೆಯಾ ಅಂತ ನೋಡಿಯೇ ಗಾಡಿ ತಗೊಂಡು ಹೋಗಬೇಕು.

ಎಷ್ಟು ದಿನಕ್ಕೆ ಬದಲಿಸಬೇಕು? ಹಲವು ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಆದರೆ ಅದೇ ಕೈಪಿಡಿಯಲ್ಲಿ ಧೂಳಿನ ರಸ್ತೆ, ಪದೇ ಪದೇ ಸಣ್ಣ ಸಣ್ಣ ಓಡಾಟ ಇದ್ದರೆ ಇನ್ನೂ ಬೇಗ ಬದಲಿಸಿ ಅಂತ ಇರುತ್ತೆ. ಹೊಲದ ದಾರಿ, ಹಳ್ಳಿ ರಸ್ತೆ, ಬೇಸಿಗೆಯ ಬಿಸಿಲು, ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್ ಓಡಾಟ. ಈ ಬಯಲುಸೀಮೆಯ ಬಹಳ ಗಾಡಿಗಳು ಆ ಸಾಲಿಗೇ ಸೇರೋದು. ದುಬಾರಿ ಫಿಲ್ಟರ್ ಹಾಕಿ ಅವಧಿ ಮೀರಿ ಓಡಿಸೋದಕ್ಕಿಂತ, ಸಾಧಾರಣ ಬೆಲೆಯ ನಂಬೋ ಫಿಲ್ಟರನ್ನ ಟೈಮಿಗೆ ಸರಿಯಾಗಿ ಬದಲಿಸೋದೇ ಮೇಲು.

ಹೊರಗೆ ಹಾಕಿಸಿದರೆ ವಾರಂಟಿ ಹೋಗುತ್ತಾ?

ಈ ಹೆದರಿಕೆ ಹಳೇದು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನ ಹೊರಗಿನ ಅಂಗಡಿ, ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿ ಗಿರಾಕಿಗಳನ್ನ ಕಟ್ಟಿ ಹಾಕಿದ್ದಾರೆ ಅನ್ನೋದು ಆರೋಪ. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರದು ಅಂತಲೂ ಆಯೋಗ ಹೇಳಿತು. ಆಮೇಲೆ ಮೇಲ್ಮನವಿ, ಕೋರ್ಟು ಅಂತ ಕೇಸು ಎಳೀತು. ಆದರೆ ಗಿರಾಕಿಗೆ ಆಯ್ಕೆ ಇರಬೇಕು ಅನ್ನೋ ಮಾತಿಗೆ ಅಲ್ಲಿಂದ ಬಲ ಬಂತು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ಶುರು ಮಾಡಿದ ರಿಪೇರಿ ಹಕ್ಕು ಪೋರ್ಟಲ್ಲಿನಲ್ಲೂ ವಾಹನಗಳು ಸೇರಿವೆ.

ಇಷ್ಟಿದ್ದರೂ ವಾರಂಟಿ ಇರೋ ಗಾಡಿಗೆ ಕಂಪನಿ ಫಿಲ್ಟರ್ ಹಾಕಿಸಿ, ಬಿಲ್ ಇಟ್ಕೊಳ್ಳೋದೇ ಜಾಣತನ. ನೂರೈವತ್ತು ರೂಪಾಯಿ ಮಾಲಿಗಾಗಿ ಸರ್ವಿಸ್ ಸೆಂಟರಿನವರ ಜೊತೆ ವಾದ ಮಾಡ್ತಾ ಕೂರೋ ಅಗತ್ಯ ಇಲ್ಲ. ವಾರಂಟಿ ಮುಗಿದ ಮೇಲೆ ಎರಡನೇ ಸಾಲಿನ ಬ್ರ್ಯಾಂಡುಗಳಿಗೆ ಧಾರಾಳವಾಗಿ ಹೋಗಬಹುದು.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಹಲವು ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ಕ್ಯಾಶ್ ಮಾತ್ರ ಅಂದವು. ಆ ಭಯ ಅರ್ಥ ಆಗುವಂಥದ್ದೇ. ಆದರೆ ಬಿಲ್ಲಿಲ್ಲದ ವ್ಯಾಪಾರದಲ್ಲೇ ಡೂಪ್ಲಿಕೇಟ್ ಮಾಲು ಸಲೀಸಾಗಿ ಹರಿಯೋದು. ಯಾರು ತಂದುಕೊಟ್ಟರು, ಯಾವಾಗ ತಂದರು ಅನ್ನೋದಕ್ಕೆ ಕಾಗದವೇ ಇರಲ್ಲ.

1999ರ ಟ್ರೇಡ್ ಮಾರ್ಕ್ ಕಾಯ್ದೆ ಪ್ರಕಾರ ನಕಲಿ ಹೆಸರಿನ ಮಾಲು ಮಾಡೋದಷ್ಟೇ ಅಲ್ಲ, ಮಾರೋದೂ ಅಪರಾಧ. 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ತನಕ ದಂಡ. ಗೊತ್ತಿಲ್ಲದೆ ಮಾರಿದ ವ್ಯಾಪಾರಿಗೆ ಬಚಾವಾಗೋ ದಾರಿಯೂ ಅದೇ ಕಾಯ್ದೆಯಲ್ಲಿದೆ. ತಾನು ತಕ್ಕ ಎಚ್ಚರ ವಹಿಸಿದ್ದೆ, ಮಾಲು ಯಾರಿಂದ ಬಂತು ಅನ್ನೋದನ್ನ ಹೇಳ್ತೀನಿ ಅಂತ ತೋರಿಸಬೇಕು. ಅದಕ್ಕೆ ಬೇಕಾದದ್ದು ಡಿಸ್ಟ್ರಿಬ್ಯೂಟರ್ ಕೊಟ್ಟ ಪರ್ಚೇಸ್ ಬಿಲ್. ಬಾಗಿಲಿಗೇ ಬಂದು ಅರ್ಧ ರೇಟಿಗೆ ಕೊಟ್ಟು ಹೋಗೋ ವ್ಯಾನಿನವನ ಹತ್ತಿರ ಅದು ಸಿಗಲ್ಲ.

ಗಿರಾಕಿಗೆ ಕೊಡೋ ಬಿಲ್ಲಿನಲ್ಲೂ ಒಂದು ಗೊಂದಲ ಇದೆ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇರೋ ಅಂಗಡಿ ಫಿಲ್ಟರಿಗೆ ಶೇ 18 ಹಾಕಬೇಕು. ಇನ್ನೂ ಶೇ 28 ಅಂತ ಬಿಲ್ಲಲ್ಲಿ ಬಂದರೆ ಅದು ಹಳೇ ಸಾಫ್ಟ್‌ವೇರಿನ ತಪ್ಪೋ ಇನ್ನೇನೋ, ಸರಿ ಮಾಡಿಸ್ಕೊಳ್ಳಬೇಕು. ಕಾಂಪೊಸಿಷನ್ ಸ್ಕೀಮಿನಲ್ಲಿರೋ ಅಂಗಡಿಯವರು ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆ ವಸೂಲಿ ಮಾಡೋ ಹಾಗೇ ಇಲ್ಲ. ಎಂಆರ್‌ಪಿ ಮೇಲೆ ಜಿಎಸ್‌ಟಿ ಎಕ್ಸ್‌ಟ್ರಾ ಅನ್ನೋದಂತೂ ಯಾರಿಗೂ ಇಲ್ಲ. ಎಂಆರ್‌ಪಿ ಅಂದ್ರೆ ತೆರಿಗೆ ಸೇರಿದ ಬೆಲೆ.

ತೊಂದರೆ ಆದರೆ ಯಾರಿಗೆ ಹೇಳಬೇಕು

ಬಿಲ್, ಬಾಕ್ಸ್, ಬಿಚ್ಚಿದ ಫಿಲ್ಟರ್ ಮೂರನ್ನೂ ಎಸೀಬೇಡಿ. ಮೊದಲು ಅಂಗಡಿಯವರ ಹತ್ತಿರ ಮಾತಾಡಿ. ಬಹಳ ಸಲ ಅಲ್ಲೇ ಬಗೆಹರಿಯುತ್ತೆ. ಆಗಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ. ಎಂಆರ್‌ಪಿಗಿಂತ ಜಾಸ್ತಿ ತಗೊಂಡಿದ್ದರೆ, ಬಾಕ್ಸ್ ಮೇಲೆ ವಿವರ ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬೇಕು.

ಎಂಜಿನ್ನಿಗೇ ಹಾನಿಯಾಗಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಆದರೆ ಹಾನಿ ಆದದ್ದು ಫಿಲ್ಟರಿನಿಂದಲೇ ಅಂತ ತೋರಿಸೋ ಭಾರ ದೂರು ಕೊಟ್ಟವರ ಮೇಲಿರುತ್ತೆ. ಎರಡನೇ ಮೆಕ್ಯಾನಿಕ್ಕಿನಿಂದ ಲಿಖಿತ ವರದಿ, ಕುಯ್ದ ಫಿಲ್ಟರಿನ ಫೋಟೊ, ಸರ್ವಿಸ್ ತಾರೀಖಿನ ದಾಖಲೆ ಇದ್ದರೆ ಮಾತಿಗೆ ತೂಕ.

ಮುಂದಿನ ಸರ್ವಿಸಿಗೆ ಹೋಗೋ ಮುಂಚೆ ಕಾರಿನ ಕೈಪಿಡಿ ತೆಗೆದು ಎಂಜಿನ್ ಯಾವುದು, ತಯಾರಾದ ವರ್ಷ ಯಾವುದು ಅಂತ ಮೊಬೈಲಿನಲ್ಲಿ ಒಂದು ಫೋಟೊ ಹೊಡ್ಕೊಳ್ಳಿ. ಅಂಗಡಿಯಲ್ಲಿ ಜೆನ್ಯೂನ್ ಒಂದು, ಹೆಸರಿರೋ ಬ್ರ್ಯಾಂಡ್ ಒಂದು, ಎರಡರ ರೇಟೂ ಕೇಳಿ. ಇಬ್ಬರಲ್ಲಿ ಯಾರು ಕಮ್ಮಿಯೋ ಅದನ್ನ ತಗೊಳ್ಳಿ, ಬಿಲ್ ಕೇಳಿ. ಮೂರನೇ ಬಾಕ್ಸ್ ತೋರಿಸೋಕೆ ಬಂದರೆ ಬೇಡ ಅಂತ ಹೇಳಿದರಾಯ್ತು.